ಠೇವಣಿಗೆ ಹೊರಟ ಕೋವಿ

ಸೀಸೆಯ ಅರಗಿನ ಮುದ್ರೆ ಒಡೆಯುವ ಹಾಗಿರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಗಂಗಾಮಣಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ವಾಲಿಸಿದಳು. ಒಳಗಿನ ಏಳು ಸೀಸದ ಚರೆಗಳು ಒಂದರ ಹಿಂದೆ ಒಂದು ಉರುಳಿ ಗಾಜಿಗೆ ತಾಗಿ ನಿಂತವು.

ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ನಟರಾಜನ ಎದೆಯಿಂದ ತೆಗೆದು ಕಳಿಸಿದ ಚರೆಗಳು.

“ಏಳೂ ದುಂಡಗಿವೆ. ಏಳೂ ಒಂದೇ ಅಳತೆ,” ಅಂದಳು.

“ಚರೆ ಅಂದ್ಮೇಲೆ ಹಂಗೇ ಅಲ್ವಾ ಮೇಡಂ. ಏಲಕ್ಕಿಯಾ, ದಪ್ಪ ಸಣ್ಣ ಅಂತ ಆರಿಸಿ ಇಡೋಕೆ?” ಎಂದ ಎದುರು ಮೇಜಿನ ಹೆಡ್ ಕಾನ್‌ಸ್ಟೇಬಲ್ ಕುಳ್ಳಯ್ಯ. ಇಪ್ಪತ್ತಾರು ವರ್ಷದ ಸರ್ವೀಸು, ಗುಂಡಗಿನ ಅಕ್ಷರ. ಕೆಂಚನಕೊಪ್ಪ ಠಾಣೆಯ ಕಾಗದಗಳೆಲ್ಲ ಅವನ ಕೈಯಲ್ಲೇ ಹುಟ್ಟುವುದು. ಈಗ ಅವನ ಮುಂದೆ ರಿಮ್ಯಾಂಡ್ ಅರ್ಜಿ ಇತ್ತು. ಕೇಸಿನ ನಂಬರು, ತಾರೀಕು, ಜಾಗ ಎಲ್ಲ ತುಂಬಿಸಿದ್ದ. ಆರೋಪಿಯ ಹೆಸರಿನ ಜಾಗ ಮಾತ್ರ ಖಾಲಿ.

ನಿನ್ನೆ ಹನ್ನೊಂದು ಗಂಟೆಗೆ, ಹೆತ್ತೂರಿನಿಂದ ವನಗೂರಿಗೆ ಹೋಗುವ ದಾರಿಯ ಅತ್ತಿಗುಂಡಿ ಜೀಪ್ ಸ್ಟ್ಯಾಂಡಿನಲ್ಲಿ, ನಲವತ್ತು ಜನ ಸೇರಿ ಜವರಯ್ಯ ಎಂಬ ಎಸ್ಟೇಟ್ ಕೂಲಿ ಲೈನಿನ ಆಳನ್ನು ಏಲಕ್ಕಿ ಕಳ್ಳನೆಂದು ಬಡಿದು ಕೊಂದಿದ್ದರು. ಆ ಗುಂಪನ್ನು ಮುಂದೆ ನಿಂತು ನಡೆಸಿದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಟರಾಜ ಅಲ್ಲೇ ಒಂದು ಈಡಿಗೆ ಸತ್ತಿದ್ದ. ಆ ಹೊತ್ತಿಗೆ ಅಲ್ಲಿ ಕೋವಿ ಹಿಡಿದು ನಿಂತಿದ್ದವರು ಒಬ್ಬರೇ: ಮೂರೆಕರೆ ಕಾಫಿಯ ವೀರಭದ್ರಯ್ಯ.

“ಆರೋಪಿ ವೀರಭದ್ರಯ್ಯ ಅಂತ ಬರೀಲಾ ಮೇಡಂ?”

“ತಡಿ.”

“ನಿನ್ನೆ ಐದಕ್ಕೆ ಹಿಡ್ಕಂಡ್ ಬಂದಿದ್ದು. ಇವತ್ತು ಐದರೊಳಗೆ ಸಕಲೇಶಪುರದ ಕೋರ್ಟಲ್ಲಿ ನಿಲ್ಲಿಸ್ಬೇಕು. ಡಿವೈಎಸ್ಪಿ ಸಾಹೇಬ್ರು ಎರಡು ಸಲ ಫೋನ್ ಮಾಡಿದ್ರು. ಮೂರೂವರೆಗೆ ಖುದ್ದು ಬತ್ತಾರಂತೆ.”

“ಬರ್ಲಿ.”

ಗೋಡೆಯ ಗಡಿಯಾರದಲ್ಲಿ ಎರಡೂಕಾಲು.

ಆ ಖಾಲಿ ಜಾಗದ ಬೆಲೆ ಗಂಗಾಮಣಿಗೆ ಗೊತ್ತಿತ್ತು. ಆ ನಲವತ್ತು ಜನರ ಮುಖ ನೋಡಿ, ಹೆಸರು ಹೇಳಲು ಸಿದ್ಧವಿದ್ದವರು ವೀರಭದ್ರಯ್ಯ ಮಾತ್ರ. ಅವರು ಸಾಕ್ಷಿಯಾದರೆ ಜವರಯ್ಯನ ಕೊಲೆಗೆ ಕೋರ್ಟಿನಲ್ಲಿ ಒಂದು ಬಾಯಿ ಇರುತ್ತದೆ. ಆರೋಪಿಯಾದರೆ ಆ ಬಾಯಿ ಮುಚ್ಚಿಹೋಗುತ್ತದೆ. ಕೊಲೆಗಾರ ತನ್ನ ತಲೆ ಉಳಿಸಿಕೊಳ್ಳಲು ನಲವತ್ತು ಮರ್ಯಾದಸ್ಥರ ಹೆಸರು ಹೇಳುತ್ತಿದ್ದಾನೆ ಎನ್ನಲು ವಕೀಲನೂ ಬೇಕಾಗಿಲ್ಲ.

ಮತ್ತು ಜವರಯ್ಯ ಕಳ್ಳನೂ ಅಲ್ಲ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ ಮೂರು ಬೆರಳು ಕಳೆದುಕೊಂಡ ಹೆಂಗಸಿನ ಪರವಾಗಿ ಲೇಬರ್ ಆಫೀಸಿಗೆ ಅರ್ಜಿ ಬರೆಸಿದವನು. ಅರ್ಜಿ ಹೋಗಿ ಒಂಬತ್ತನೇ ದಿನಕ್ಕೆ ಅವನ ಮನೆಯ ಅಟ್ಟದಲ್ಲಿ ಏಲಕ್ಕಿ ಚೀಲ ‘ಸಿಕ್ಕಿತ್ತು’.

ಗಂಗಾಮಣಿಗೆ ಕೋಪ ಬರಬೇಕಾಗಿತ್ತು. ಬರಲಿಲ್ಲ. ನಿನ್ನೆ ಆ ಮಣ್ಣಿನ ಮೇಲೆ ಎರಡು ಹೆಣಗಳ ನಡುವೆ ಟೇಪು ಹಿಡಿದು ನಿಂತಾಗಿನಿಂದ ಒಳಗೆ ಏನೂ ಅಲುಗಾಡಿರಲಿಲ್ಲ. ಬೆಳಿಗ್ಗೆ ಕಾಫಿಗೆ ಸಕ್ಕರೆ ಹಾಕಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಹತ್ತು ದಿನದ ಹಿಂದಿನ ಹೂಮಳೆಗೆ ಠಾಣೆಯ ಹಿಂದಿನ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿತ್ತು. ಬಂದವರೆಲ್ಲ ಘಮ ಘಮ ಅನ್ನುತ್ತಿದ್ದರು. ಅವಳ ಮೂಗಿಗೆ ಅದು ತಲುಪಿರಲಿಲ್ಲ.

ಎದ್ದು ಲಾಕಪ್ಪಿನ ಕಡೆ ನಡೆದಳು.

ವೀರಭದ್ರಯ್ಯ ಗೋಡೆಗೆ ಒರಗಿ ಕೂತಿದ್ದರು. ಅರವತ್ತರ ಆಸುಪಾಸು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಹೆಗಲ ಮೇಲಿನ ವಸ್ತ್ರವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಿದ್ದರು.

“ಅಯ್ನೋರೇ, ಊಟ ಮಾಡಿದ್ರಾ?”

“ಕೊಟ್ರು.”

“ಮಾಡಿದ್ರಾ?”

“ಕೊಟ್ರು ಕಣವ್ವ.”

ಅವಳು ಸರಳಿನ ಈಚೆ ಸ್ಟೂಲು ಎಳೆದುಕೊಂಡು ಕೂತಳು. “ನಿಮ್ಮ ಕೋವಿಗೆ ಚರೆ ಎಲ್ಲಿಂದ ತರ್ತೀರಿ?”

ವೀರಭದ್ರಯ್ಯ ಮುಖ ಎತ್ತಿದರು. ಕೊಲೆಯ ಬಗ್ಗೆ ಕೇಳುತ್ತಾಳೆ ಅಂದುಕೊಂಡಿದ್ದರೇನೋ. “ಕೇಪಿನ ಕೋವಿಗೆ ಯಾವ ಅಂಗಡಿ ಚರೆ? ಹಳೇ ಬ್ಯಾಟ್ರಿ ಸೀಸ ಕರಗ್ಸಿ ತಗಡಿನ ಮ್ಯಾಲೆ ಹುಯ್ಯೋದು. ಆರಿದ ಮ್ಯಾಲೆ ಅಡಕತ್ರೀಲಿ ಕತ್ತರಿಸ್ಕಳದು.”

“ದುಂಡಗೆ ಬರುತ್ತಾ?”

“ಎಲ್ಲಿ ಬತ್ತದೆ? ಒಂದು ಮೂಲೆ, ಒಂದು ಸೊಟ್ಟ. ಹಂದಿ ಏನ್ ಅಳತೆ ಕೇಳ್ತದಾ?”

“ನಟರಾಜನ ಎದೇಲಿ ಸಿಕ್ಕಿದ ಏಳೂ ದುಂಡಗಿವೆ. ಅಂಗಡೀಲಿ ಸಿಗೋ ಕಂಪನಿ ತೋಟಾ, ಕಾರ್ಟ್ರಿಜ್‌ನಿಂದ ಬಂದವು. ನಿಮ್ಮ ಕೋವಿಗೆ ತೋಟಾ ಹಾಕೋಕೆ ಬರೋದೇ ಇಲ್ಲ.”

“ನಾನೇ ಹೊಡ್ದೆ. ನಿನ್ನೇನೇ ಹೇಳೀನಲ್ಲ. ಬರ್ಕಳಿ.”

“ನಿಮ್ಮ ಕೋವಿ ಖಾಲಿ ಇತ್ತು.”

ವಸ್ತ್ರದ ಮೇಲಿದ್ದ ಅವರ ಬೆರಳುಗಳು ನಿಂತವು.

“ಚುನಾವಣೆ ಬಂದ್ರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಠೇವಣಿ. ನಿನ್ನೆ ಕೊನೇ ದಿನ. ತುಂಬಿದ ಕೋವಿ ನಾವು ಒಳಗೆ ತಗೊಳಲ್ಲ. ನಳಿಗೆ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ ಗಜದಲ್ಲಿ ಗುದ್ದಿದ್ದನ್ನ ನಿಮ್ಮ ಕಡೆ ಯಾರೂ ಕೆದಕಿ ತೆಗೆಯಲ್ಲ. ತೋಟದಲ್ಲಿ ಗಾಳಿಗೆ ಹೊಡೆದು ಖಾಲಿ ಮಾಡ್ಕೊಂಡು ಹೊರಡ್ತಾರೆ. ನಿನ್ನೆ ಏಳು ಗಂಟೆಗೆ ನಿಮ್ಮ ತೋಟದಲ್ಲಿ ಒಂದು ಈಡು ಕೇಳಿದೆ ಅಂತ ಬೇಲಿಯಾಚೆಯ ಬಸವಯ್ಯ ಹೇಳಿದ್ರು. ಕೋವಿಯೊಳಗಿನ ಮಸಿ ಆ ಈಡಿಂದು.”

ಹೊರಗೆ ಯಾವುದೋ ಪಕ್ಷದ ಜೀಪು ಧ್ವನಿವರ್ಧಕ ಹಾಕಿಕೊಂಡು ಹೋಯಿತು. ನಿಮ್ಮ ಅಮೂಲ್ಯ ಮತ, ನಿಮ್ಮ ಅಮೂಲ್ಯ ಮತ.

“ಗೋಣಿಚೀಲದಲ್ಲಿ ಸುತ್ಕಂಡು ಜೀಪಿಗೆ ಕಾಯ್ತಿದ್ದೆ,” ಎಂದರು ವೀರಭದ್ರಯ್ಯ. “ಜವರಯ್ಯನ್ನ ಎಳ್ಕಂಡ್ ಬಂದ್ರು. ಒಂದು ಕಾಲಲ್ಲಷ್ಟೇ ಚಪ್ಲಿ. ಮೊದ್ಲು ಬಾಯಲ್ಲೇ ಹೇಳ್ದೆ ಕಣವ್ವ. ಬುಡ್ರೋ, ಪೊಲೀಸ್ನೋರಿಗೆ ಕೊಡ್ರೋ ಅಂದೆ. ‘ನೀವು ಪೂಜೆ ಮಾಡ್ಕಳಿ ಹೋಗಿ ಅಯ್ನೋರೇ’ ಅಂದ ಒಬ್ಬ. ಆಮ್ಯಾಲೆ ಚೀಲ ಬಿಚ್ಚಿ ಕೋವಿ ಎತ್ತಿ ಹಿಡ್ದೆ. ಗುಂಪು ಸೀಳೋಯ್ತು. ಅರ್ಧ ಜನ ಚರಂಡಿಗೆ ಹಾರುದ್ರು. ಒಂದು ನಿಮಿಷ... ಒಂದು ನಿಮಿಷ ಅವನ ಮೈಮ್ಯಾಲೆ ಯಾರ ಕೈಯೂ ಬೀಳ್ಲಿಲ್ಲ.”

“ಆಮೇಲೆ?”

“ನಟರಾಜ ನಕ್ಬುಟ್ಟ. ‘ಠಾಣೆಗೆ ಹೊಂಟಿರೋ ಕೋವಿ ಕಣ್ರೋ! ಅಯ್ನೋರು ಬೆಳಿಗ್ಗೇನೇ ಢಂ ಅನ್ಸಿ ಬಂದವ್ರೆ. ಊದುದ್ರೆ ಗಾಳಿ ಬತ್ತದೆ, ಅಷ್ಟೇ!’ ಅಂದ. ಎಲ್ರೂ ನಕ್ರು. ನಗ್ತಾ ನಗ್ತಾನೇ ತಿರುಗಿ ಅವನ ಮ್ಯಾಲೆ ಬಿದ್ರು.”

ಆ ಜೀಪ್ ಸ್ಟ್ಯಾಂಡಿನಲ್ಲಿ ಜವರಯ್ಯನ ಪಾಲಿಗೆ ಆ ಒಂದು ನಿಮಿಷ ಸಿಕ್ಕಿತ್ತು. ಮುಗಿದದ್ದು ನಗೆಯಲ್ಲಿ.

“ಅವನು ಅಲ್ಲಾಡೋದು ನಿಂತ್ಮ್ಯಾಲೆ ನಟರಾಜ ನನ್ನ ಕಡೆ ಬಂದ. ಕೋವಿ ಕೊಡಿ ಇಲ್ಲಿ ಅಂತ ನಳಿಗೆಗೆ ಕೈ ಹಾಕ್ದ. ನಾನು ಪಕ್ಕಕ್ಕೆ ಜರುಗ್ದೆ. ಬೆನ್ನಿಂದೆ ಢಂ ಅಂತು. ನಟರಾಜ ಬಂದು ನನ್ನ ಮ್ಯಾಲೇ ಬಿದ್ದ.”

“ಬೆನ್ನ ಹಿಂದೆ ಅಂದ್ರೆ ಮೇಲಿನ ರಸ್ತೆ ಕಡೆಯಿಂದ. ಯಾರು?”

“ತಿರುಗಿ ನೋಡೋಕೆ ಅವನು ನನ್ನ ಮ್ಯಾಲೆ ಬಿದ್ದಿದ್ನಲ್ಲ.”

ಗಂಗಾಮಣಿ ಕೈ ಚಾಚಿ ಆ ವಸ್ತ್ರವನ್ನು ಕೇಳಿದಳು. ಬಿಡಿಸಿ ಹಿಡಿದಳು. ಎಡ ಹೆಗಲಿಗೆ ಬರುವ ಕಡೆ ಎರಡು ತೂತು, ಅಂಚು ಹರಿದಿಲ್ಲ, ದುಂಡಗೆ. ಅವುಗಳ ಮೂಲಕ ಕಿಟಕಿಯ ಬೆಳಕು ಕಾಣುತ್ತಿತ್ತು. ಎರಡು ಬೆರಳಷ್ಟು ಒಳಗಾಗಿದ್ದರೆ ಆ ತೂತು ಮೈಯಲ್ಲಿರುತ್ತಿತ್ತು.

“ಮತ್ತೆ ನಾನೇ ಹೊಡ್ದೆ ಅಂತ ಯಾಕೆ ಹೇಳಿದ್ರಿ?”

“ಜವರಯ್ಯನ ಹೆಂಡ್ತಿ ಪುಟ್ಟನಿಂಗಿ ಬಂದಿದ್ಲಲ್ಲ ನಿನ್ನೆ. ಈ ಸರಳಿನ ಸಂದೀಲಿ ಕೈ ತೂರ್ಸಿ ನನ್ನ ಕಾಲು ಮುಟ್ಬುಟ್ಳು. ‘ಇಡೀ ಸ್ಟ್ಯಾಂಡಲ್ಲಿ ನನ್ನ ಗಂಡಂಗೆ ಆಗಿದ್ದು ನೀವೊಬ್ರೇ ಅಯ್ಯಾ’ ಅಂದ್ಲು. ಅವಳಿಗೆ ಹೋಗಿ ಖಾಲಿ ಕೋವಿ ಅನ್ಲಾ? ನೀವೇ ಹೇಳಿ.”

ಗಂಗಾಮಣಿ ವಸ್ತ್ರವನ್ನು ಮತ್ತೆ ಮಡಿಚಿದಳು.

“ತುಂಬಿದ್ರೆ ಹೊಡೀತಿದ್ರಾ?” ಎಂದು ಕೇಳಿದಳು.

“ಲೈಸೆನ್ಸ್ ಪುಸ್ತಕದಲ್ಲಿ ಬೆಳೆ ರಕ್ಷಣೆಗೆ ಅಂತ ಐತೆ. ಹಂದಿಯಿಂದ ತೋಟ ಕಾಯೋಕೆ. ಮನುಷ್ಯನ್ನ ಕಾಯ್ಬೋದು ಅಂತ ಎಲ್ಲೂ ಬರ್ದಿಲ್ಲ. ಮನುಷ್ಯರ ಕಡೆ ತಿರುಗ್ಸಿದ್ರೆ ಲೈಸೆನ್ಸೂ ಹೋಯ್ತದೆ, ನೇಣೂ ಆಯ್ತದೆ ಅಂತಾರೆ.”

“ಅದನ್ನ ಲೈಸೆನ್ಸಿನಲ್ಲಿ ಬರೆಯಬೇಕಾಗಿಲ್ಲ. ದಂಡಸಂಹಿತೆಯಲ್ಲೇ ಇದೆ, ತೊಂಬತ್ತೇಳನೇ ಕಲಮು, ನೂರನೇ ಕಲಮು. ಇನ್ನೊಬ್ಬನ ಜೀವ ಹೋಗೋ ಹಾಗಿದ್ರೆ ತಡೆಯೋ ಹಕ್ಕು ಯಾರಿಗಾದ್ರೂ ಇದೆ. ಬೇರೆ ದಾರಿ ಇಲ್ದಿದ್ರೆ, ಬೇಕಾದಷ್ಟೇ ಬಲ ಬಳಸಿದ್ರೆ, ಕೊಂದ್ರೂ ಅದು ಅಪರಾಧ ಅಲ್ಲ.”

ಮುದುಕರು ಅವಳನ್ನೇ ನೋಡಿದರು. “ಅದ ಬರ್ದೋರಿಗೆ ಕೇಪಿನ ಕೋವಿ ಗೊತ್ತಿತ್ತಾ ಮೇಡಂ? ಒಂದೇ ಈಡು. ಎದುರಿಗೆ ನಲವತ್ತು ಜನ. ಅವರ ಹಿಂದೆ ಜೀಪಿಗೆ ಕಾಯೋ ಹೆಂಗಸ್ರು, ಕಂಕುಳಲ್ಲಿ ಕೂಸು. ಎರಡನೇ ಈಡು ತುಂಬೋ ಹೊತ್ಗೆ ಕೋವಿ ಅವರ ಕೈಲಿ. ಅದರ ಹಿಡೀಲೇ ಇಬ್ರನ್ನೂ ಬಡೀತಿದ್ರು. ತುಂಬಿದ್ರೆ ಏನ್ ಮಾಡ್ತಿದ್ದೆ ಅಂತ ರಾತ್ರಿಯಿಂದ ಅದ್ನೇ ಕೇಳ್ಕತಿದೀನಿ. ಗೊತ್ತಾಗ್ತಿಲ್ಲ.”

ಹಂದಿ ಮೂಸಿದ ಗಿಡಕ್ಕೆ ಸರ್ಕಾರ ಕೋವಿ ಕೊಡುತ್ತದೆ, ಸೀಲು ಹಾಕಿ, ಫೋಟೋ ಅಂಟಿಸಿ. ಮನುಷ್ಯನಿಗೆ ಮನುಷ್ಯ ಆಗಬೇಕಾದ ದಿನ ಏನು ಮಾಡಬೇಕೆಂದು ಮೂವತ್ತು ವರ್ಷದಲ್ಲಿ ಒಬ್ಬ ಅಧಿಕಾರಿಯೂ ಈ ಮುದುಕರಿಗೆ ಹೇಳಿರಲಿಲ್ಲ. ಗಂಗಾಮಣಿಯೂ ಹೇಳಿರಲಿಲ್ಲ. ಕಳೆದ ವರ್ಷ ಇದೇ ಲೈಸೆನ್ಸಿನ ನವೀಕರಣಕ್ಕೆ ಶಿಫಾರಸು ಮಾಡಿ ಸಹಿ ಹಾಕಿದವಳು ಅವಳೇ.

ಅವಳು ವಸ್ತ್ರ ಹಿಡಿದೇ ಎದ್ದಳು.

ಈ ಠಾಣೆಯ ಸರಹದ್ದಿನಲ್ಲಿ ತೋಟಾ ಹಾಕುವ ಕೋವಿಗಳು ಒಂಬತ್ತೇ. ಎಲ್ಲವೂ ದೊಡ್ಡ ಎಸ್ಟೇಟಿನವು. ಒಂಬತ್ತೂ ನಿನ್ನೆ ಸಂಜೆಯ ಹೊತ್ತಿಗೆ ಠಾಣೆ ಸೇರಿದ್ದವು. ಅಂದರೆ ನಟರಾಜನನ್ನು ಕೊಂದ ಕೋವಿ ಎಲ್ಲೋ ಕಾಡಿನಲ್ಲಿಲ್ಲ. ಅವಳ ಕುರ್ಚಿಯಿಂದ ಹದಿನೈದು ಹೆಜ್ಜೆ ದೂರದ ಕೋಣೆಯಲ್ಲಿದೆ.

ಕುಳ್ಳಯ್ಯ ಮೇಜಿನಲ್ಲಿ ಇರಲಿಲ್ಲ, ಟೀ ಹೇಳಲು ಹೋಗಿದ್ದ. ಅವನ ಡ್ರಾಯರಿನಿಂದ ಕೀಲಿ ತೆಗೆದುಕೊಂಡು ಕೋಣೆಯ ಬಾಗಿಲು ತೆರೆದಳು.

ಗೋಡೆಯುದ್ದಕ್ಕೂ ಕೋವಿಗಳು ಒರಗಿದ್ದವು. ಪ್ರತಿಯೊಂದರ ಟ್ರಿಗರಿಗೂ ದಾರದಲ್ಲಿ ಕಟ್ಟಿದ ಚೀಟಿ: ಯಾರದು, ಎಷ್ಟು ಗಂಟೆಗೆ ಬಂತು, ಪಡೆದವರು ಯಾರು. ಕೇಪಿನ ಕೋವಿಗಳ ಚೀಟಿಯಲ್ಲೆಲ್ಲ ‘ಠಾಣೆಗೆ ತಂದು ಒಪ್ಪಿಸಿದ್ದು’. ಬಸ್ಸು ಹಿಡಿದು, ಜೀಪಿಗೆ ನೇತುಬಿದ್ದು, ಒಂದು ದಿನದ ಕೂಲಿ ಬಿಟ್ಟು ತಂದವು. ತೋಟಾ ಕೋವಿಗಳ ಚೀಟಿಯಲ್ಲಿ ‘ಮನೆಯಿಂದ ಪಡೆದದ್ದು’. ಎಸ್ಟೇಟಿನ ಕೋವಿಗೆ ಪೊಲೀಸ್ ಜೀಪೇ ಬಂಗಲೆಯ ಮೆಟ್ಟಿಲಿಗೆ ಹೋಗುತ್ತದೆ. ಯಾವ ಕಾನೂನೂ ಹಾಗೆ ಹೇಳಿಲ್ಲ. ಅದು ಪದ್ಧತಿ.

ತೋಟಾ ಕೋವಿಗಳನ್ನು ಒಂದೊಂದಾಗಿ ನಡುವೆ ಮಡಿಚಿ ತೆರೆದು ನಳಿಗೆಯೊಳಗೆ ಕಣ್ಣಿಟ್ಟಳು. ಒಂದು, ಎರಡು, ಮೂರು. ಎಣ್ಣೆ ಸವರಿ ಹೊಳೆಯುವ ಉಕ್ಕು. ಆರನೆಯದು ಜೋಡಿ ನಳಿಗೆ. ಎಡದ ನಳಿಗೆ ಕನ್ನಡಿಯ ಹಾಗಿತ್ತು. ಬಲದ್ದು ಕರ್ರಗೆ.

ಚೀಟಿ ತಿರುಗಿಸಿದಳು. ರಾಜಶೇಖರ್ ಸಾವ್ಕಾರರದು, ನಟರಾಜ ರೈಟರಾಗಿದ್ದ ಎಸ್ಟೇಟಿನ ಯಜಮಾನರದು. ಪಡೆದ ಸಮಯ ಬೆಳಿಗ್ಗೆ ಒಂಬತ್ತು ನಲವತ್ತು.

ಕೊಲೆಗೆ ಒಂದು ಗಂಟೆ ಇಪ್ಪತ್ತು ನಿಮಿಷ ಮೊದಲೇ ಈ ಕೋವಿ ಪೊಲೀಸರ ಕೈಯಲ್ಲಿತ್ತು.

ಚೀಟಿಯ ಕೊನೆಯಲ್ಲಿ ಸಹಿ. ಅಕ್ಷರ ಗುಂಡಗಿತ್ತು.

“ಟೀ ಆರೋಯ್ತದೆ ಮೇಡಂ.”

ಕುಳ್ಳಯ್ಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ. ಅವನ ಕ್ಯಾಪು ಕಂಕುಳಲ್ಲಿತ್ತು. ಅವಳ ಕೈಯಲ್ಲಿ ತೆರೆದಿದ್ದ ಕೋವಿಯನ್ನು ನೋಡಿದ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಚೆಲ್ಲದ ಹಾಗೆ ಇಟ್ಟ.

“ನಿನ್ನೆ ಹನ್ನೆರಡರವರೆಗೂ ಬಂಗಲೇಲಿ ಕಾಫಿ ಕುಡೀತಿದ್ದೆ ಅಂದ್ಯಲ್ಲ ಕುಳ್ಳಯ್ಯ.”

“ಅಂದೆ.”

“ಒಂಬತ್ತೂ ನಲವತ್ತಕ್ಕೆ ಕೋವಿ ತಗೊಂಡಿದ್ದೀಯ. ಕಾಫಿ ಅಷ್ಟು ಬಿಸಿ ಇತ್ತಾ?”

ಅವನು ನಗಲು ನೋಡಿದ. ತುಟಿ ಒಂದು ಕಡೆಗೆ ಮಾತ್ರ ಹೋಯಿತು.

“ಅತ್ತಿಗುಂಡಿ ಮೇಲಿನ ರಸ್ತೇಲಿ ಜೀಪು ನಿಲ್ಲಿಸಿದ್ದೆ ಮೇಡಂ. ಕೆಳಗೆ ಗಲಾಟೆ ಕಾಣ್ತು.”

“ಕೆಳಗೆ ಒಬ್ಬನ್ನ ಬಡೀತಿದ್ರು. ಮೈಮೇಲೆ ಖಾಕಿ, ಕೈಯಲ್ಲಿ ಕೋವಿ, ಸೊಂಟದಲ್ಲಿ ಸೀಟಿ. ಸೀಟಿ ಊದಿದ್ರೂ ಅರ್ಧ ಜನ ಓಡಿಹೋಗ್ತಿದ್ರು. ಊದಲಿಲ್ಲ. ಮತ್ತೆ ಹೊಡೆದಿದ್ದು ಯಾಕೆ? ಜವರಯ್ಯ ಅಷ್ಟೊತ್ತಿಗೆ ಸತ್ತಿದ್ದ. ನಟರಾಜನ್ನ ಯಾಕೆ ಹೊಡೆದೆ?”

“ನಟರಾಜಂಗೆ ಹೊಡೀಲಿಲ್ಲ ಮೇಡಂ.”

ಗಂಗಾಮಣಿ ತನ್ನ ಕೈಯಲ್ಲಿದ್ದ ವಸ್ತ್ರವನ್ನು ಬಿಡಿಸಿ ಹಿಡಿದಳು. ಎರಡು ತೂತುಗಳ ಈಚೆ ಅವಳು, ಆಚೆ ಕುಳ್ಳಯ್ಯ.

“ಗುರಿ ಇಟ್ಟಿದ್ದು ಅಯ್ನೋರಿಗೆ,” ಅಂದಳು.

ಅವನ ಕಣ್ಣು ತುಂಬಿತು. ಆದರೂ ಠಾಣೆಯ ಕಾಗದ ಓದುವ ದನಿಯಲ್ಲೇ ಹೇಳಿದ: “ಮೇಲಿಂದ ನೋಡ್ದೋನಿಗೆ ಏನು ಕಾಣ್ತದೆ ಮೇಡಂ? ಒಬ್ಬ ಕೋವಿ ಹಿಡ್ದು ಜನದ ಮೇಲೆ ತಿರುಗಿಸವ್ನೆ. ಕೋವಿ ಇರೋನು ಅವನೊಬ್ನೇ. ಕೊಲ್ಲೋನು ಅವನೇ ಅನ್ನಿಸ್ತು. ಮುಖ ಕಾಣ್ಲಿಲ್ಲ, ಬೆನ್ನು. ಅಯ್ನೋರು ಅಂತ ಗೊತ್ತಿದ್ರೆ...”

ಅಷ್ಟೇ. ಉಳಿಸಲು ನಿಂತವನಿಗೂ ಕೊಲ್ಲಲು ನಿಂತವನಿಗೂ ಹಿಂದಿನಿಂದ ನೋಡಿದರೆ ಒಂದೇ ಬೆನ್ನು. ಕಾನೂನಿನ ಯಾವ ಕಲಮೂ ಆ ಬೆನ್ನಿನ ಮೇಲೆ ಹೆಸರು ಬರೆಯುವುದಿಲ್ಲ.

ಗಂಗಾಮಣಿ ಆ ಮಾತನ್ನು ತೂಗಿ ನೋಡಿದಳು. ಮುಕ್ಕಾಲು ನಿಜ ಅನ್ನಿಸಿತು. ಇಪ್ಪತ್ತಾರು ವರ್ಷದಲ್ಲಿ ಒಂದು ಲಾಠಿ ಏಟಿಗೂ ಮೇಲಿನವರ ಮುಖ ನೋಡುತ್ತಿದ್ದ ಮನುಷ್ಯ, ಬೇರೆಯವರ ಕೋವಿಗೆ ಬೇರೆಯವರ ತೋಟಾ ಹಾಕಿ, ತಾನಾಗಿಯೇ ಹಾರಿಸುವುದೇ?

“ಜೀಪಲ್ಲಿ ನೀನೊಬ್ಬನೇ ಇದ್ಯಾ?”

ಅವನು ಕಟ್ಟೆಯ ಮೇಲಿನ ಲೋಟವನ್ನು ಸರಿಸಿಟ್ಟ.

“ಕುಳ್ಳಯ್ಯ.”

“ಪಕ್ಕದ ಸೀಟಲ್ಲಿ ಒಬ್ರಿದ್ರು. ತೋಟಾ ಅವರೇ ಕೈಗೆ ಕೊಟ್ರು. ‘ಹೊಡಿಯೋ, ಏನ್ ನೋಡ್ತೀಯ’ ಅಂದ್ರು.” ಅವನ ದನಿ ಇಳಿಯಿತು. “ಅವ್ರಿಗೆ ಅಯ್ನೋರು ಅಂತ ಗೊತ್ತಿತ್ತು ಅಂತ ಈಗ ಅನ್ನಿಸ್ತದೆ ಮೇಡಂ. ರಾತ್ರಿಯೆಲ್ಲ ಅನ್ನಿಸ್ತಾ ಇತ್ತು.”

“ಯಾರು?”

ಅಂಗಳದಲ್ಲಿ ಜೀಪು ನಿಂತಿತು. ಬಾಗಿಲು ಎರಡು ಸಲ ಬಡಿದ ಸದ್ದು. ಕುಳ್ಳಯ್ಯ ಕ್ಯಾಪು ತಲೆಗಿಟ್ಟುಕೊಂಡು ನೆಟ್ಟಗಾದ.

ಡಿವೈಎಸ್ಪಿ ಸಾಹೇಬರು ಒಬ್ಬರೇ ಬಂದಿರಲಿಲ್ಲ. ಅವರ ಹಿಂದೆ ಬಿಳಿ ಅಂಗಿಯ ರಾಜಶೇಖರ್ ಸಾವ್ಕಾರರೂ ಒಳಗೆ ಬಂದರು. ಕುಳ್ಳಯ್ಯ ಸೆಲ್ಯೂಟ್ ಹೊಡೆದ. ಹೊಡೆದ ಕೈ ಕೆಳಗೆ ಬರಲಿಲ್ಲ.

“ಪೇಪರ್ ರೆಡಿನೇನಮ್ಮ?” ಎಂದರು ಸಾಹೇಬರು. “ಕೋರ್ಟಿಗೆ ಟೈಮಾಯ್ತು. ಹೊಡ್ದೋನು ತಾನೇ ಒಪ್ಕೊಂಡವ್ನೆ, ಇನ್ನೇನಿದೆ ಇದರಲ್ಲಿ?”

“ನಮ್ಮ ರೈಟರ್ ಹೆಂಡ್ತಿ ಮಕ್ಕಳ ಮುಖ ನೋಡಕ್ಕಾಗ್ತಿಲ್ಲ ಮೇಡಂ,” ಎಂದರು ಸಾವ್ಕಾರರು. “ಬೇಗ ಮುಗಿಸ್ಕೊಡಿ.”

ಜವರಯ್ಯನ ಹೆಂಡತಿ ಮಕ್ಕಳಿಗೂ ಮುಖಗಳಿದ್ದವು. ಮಾತಿಗಿಂತ ಗಟ್ಟಿಯಾದದ್ದು, ಆ ಅರ್ಜಿ, ಮೇಜಿನ ಮೇಲಿತ್ತು.

ಗಂಗಾಮಣಿ ಹೋಗಿ ಕುಳ್ಳಯ್ಯನ ಕುರ್ಚಿಯಲ್ಲಿ ಕೂತಳು. ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಬರೆದಳು: ವೀರಭದ್ರಯ್ಯ. ಆರೋಪಿಗಳ ಜಾಗದಲ್ಲಿ ಒಂದು ಎಂದು ಹಾಕಿ ಬರೆದಳು: ಕುಳ್ಳಯ್ಯ, ಹೆಡ್ ಕಾನ್‌ಸ್ಟೇಬಲ್. ಅದರ ಕೆಳಗೆ ಎರಡು ಎಂದು ಹಾಕಿ ಪೆನ್ನು ನಿಲ್ಲಿಸಿದಳು.

“ಬರೀತಾ ಇದ್ದೀನಿ ಸಾರ್,” ಅಂದಳು. “ಒಂದನೇ ಹೆಸರು ಆಯ್ತು. ಎರಡನೇದು ಕುಳ್ಳಯ್ಯ ಹೇಳ್ತಾನೆ. ಇಬ್ರೂ ಕೂತ್ಕೊಳ್ಳಿ.”

ಸಾಹೇಬರು ಕೂತರು. ಸಾವ್ಕಾರರ ಕೈ ಬಾಗಿಲ ಚಿಲಕದ ಮೇಲಿತ್ತು.